ಗ್ರಾನ್‌ನಲ್ಲಿ ಉಳಿದ ಇನ್ನೂರ ಹನ್ನೆರಡು ಮಾತು

ಮುಕ್ತಾರ್ ನದಾಫನನ್ನು ಸ್ವೀಡನ್ನಿನ ಉತ್ತರದ ಲುಲೆಯೊ ಊರಿನ ಕನ್ನಡದವರೆಲ್ಲ ದೇವರಂಥ ಮನುಷ್ಯ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಒಬ್ಬರೂ ಅವನ ಜೊತೆ ಕೆಲಸ ಮಾಡಿಲ್ಲ. ನಾನು ಹದಿನಾರು ವರ್ಷ ಮಾಡಿದ್ದೇನೆ. ಅವನು ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ; ಆದರೆ ಒಮ್ಮೆ ಸರಿ ಅಂದುಕೊಂಡದ್ದನ್ನು ಅವನ ತಲೆಯಿಂದ ತೆಗೆಯಬೇಕಾದರೆ ಜೆಸಿಬಿ ತರಿಸಬೇಕು. ಇದನ್ನು ಅವನನ್ನು ಹೊಗಳಲಿಕ್ಕೂ ಬರೆಯುತ್ತಿಲ್ಲ, ಬಯ್ಯಲಿಕ್ಕೂ ಬರೆಯುತ್ತಿಲ್ಲ. ಕಳೆದ ಜೂನ್‌ನಲ್ಲಿ ಅವನ ಮನೆಯಲ್ಲಿ ಆದ ನಷ್ಟದಲ್ಲಿ ನನ್ನದೂ ಪಾಲಿದೆ. ಅವನ ಮಗಳು ಅರ್ಷಿಯಾಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಎಲ್ಲವನ್ನೂ ಇಲ್ಲಿ ಹೇಳುತ್ತಿದ್ದೇನೆ.

ಮುಕ್ತಾರ್ ರಾಣೇಬೆನ್ನೂರಿನವನು. ಅಜ್ಜನ ಕಾಲದವರೆಗೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಮನೆತನ, ಮನೆಮಾತು ಕನ್ನಡವೇ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ಇದ್ದು, ತೊಂಬತ್ತೆಂಟರಲ್ಲಿ ಇಲ್ಲಿಗೆ ಬಂದ. ಮರುವರ್ಷ ಶಾಕಿರಾ ಬಂದಳು. ಊರಿನಲ್ಲಿ ಕನ್ನಡ ಶಾಲೆಯ ಮೇಡಂ ಆಗಿದ್ದವಳು ಇಲ್ಲಿ ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ನಾನು ಮೈಸೂರಿನವಳು, ಗಂಡ ರಮಾನಂದ ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಮುಕ್ತಾರ್ ಇದ್ದ ಕಂಪನಿಗೇ ಎರಡು ಸಾವಿರದ ಎರಡರಲ್ಲಿ ನಾನು ಟೆಸ್ಟರ್ ಆಗಿ ಸೇರಿದೆ. ಅವನು ಕಟ್ಟಿದ್ದನ್ನು ಒಡೆದು ತೋರಿಸುವುದು ನನ್ನ ಕೆಲಸ. ಅವನಿಗಿಂತ ಏಳು ವರ್ಷ ದೊಡ್ಡವಳಾದ್ದರಿಂದ ಅವನು ನನ್ನನ್ನು ಅಕ್ಕಾರ ಎಂದ, ನಾನು ಅವನನ್ನು ನೀನು ಎಂದೆ. ಈಗ ಇಬ್ಬರೂ ಒಂದೇ ಕಟ್ಟಡದ ಬೇರೆ ಬೇರೆ ಮೆಟ್ಟಿಲ ಕಡೆಯ ಮನೆಗಳಲ್ಲಿ ಇದ್ದೇವೆ.

ಅವನು ಕಟ್ಟಿದ್ದು ಒಂದು ಆಪರೇಟಿಂಗ್ ಸಿಸ್ಟಮ್. ಯಂತ್ರದಲ್ಲಿ ಎಲ್ಲಕ್ಕಿಂತ ಕೆಳಗೆ ಕೂತು, ಯಾವ ಕೆಲಸಕ್ಕೆ ಯಾವಾಗ ಸರದಿ ಎಂದು ನೋಡಿಕೊಳ್ಳುವ ತಂತ್ರಾಂಶ. ನಿಮ್ಮ ಫೋನಿನಲ್ಲಿ ಒಂದಿದೆ, ಲ್ಯಾಪ್‌ಟಾಪಿನಲ್ಲಿ ಒಂದಿದೆ. ಅವುಗಳ ಹೆಸರು ಲೋಕಕ್ಕೆಲ್ಲ ಗೊತ್ತು. ಯಾರಿಗೂ ಹೆಸರು ಗೊತ್ತಿರದ ಸಣ್ಣಪುಟ್ಟವು ಇನ್ನೂ ಎಷ್ಟೋ ಇವೆ. ನಮ್ಮದು ಆ ಜಾತಿಯದು. ಹೆಸರು ಗ್ರಾನ್, ಸ್ವೀಡಿಷ್‌ನಲ್ಲಿ ಇಲ್ಲಿನ ಕಾಡಿನ ಸೂಜಿ ಎಲೆಯ ಮರದ ಹೆಸರು. ಇಲ್ಲಿನ ಕರಾವಳಿಯ ಕಾಗದದ ಕಾರ್ಖಾನೆಗಳ ನಿಯಂತ್ರಣ ಪೆಟ್ಟಿಗೆಗಳಲ್ಲಿ ಅದು ಓಡುತ್ತಿತ್ತು. ಗುಂಡಿ ಒತ್ತಿದರೆ ಮೂರು ಸೆಕೆಂಡಿಗೆ ಎದ್ದು ನಿಲ್ಲುತ್ತಿತ್ತು. ಅಪ್‌ಡೇಟ್ ಕೇಳುತ್ತಿರಲಿಲ್ಲ, ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಅದನ್ನು ಕೆಡವಲು ನಾನು ಪಟ್ಟ ಪಾಡು ನನಗೇ ಗೊತ್ತು. ಒಂದು ಚಳಿಗಾಲ ಪೂರ್ತಿ ಕೂತು ನಾಲ್ಕು ದೋಷ ಹುಡುಕಿದ್ದೆ. ಆ ನಾಲ್ಕರಲ್ಲಿ ಎರಡು ನನ್ನದೇ ತಪ್ಪು ಎಂದು ಅವನು ಸಾಬೀತು ಮಾಡಿ ತೋರಿಸಿದ.

ಗ್ರಾನ್ ಓಡುತ್ತಿದ್ದುದು ಒಂದೇ ಒಂದು ಬಗೆಯ ಕಂಪ್ಯೂಟರ್ ಚಿಪ್ಪಿನ ಮೇಲೆ. ಆ ಚಿಪ್ಪು ಕೂರಿಸಿದ ಅಂಗೈ ಅಗಲದ ಹಸಿರು ಬೋರ್ಡುಗಳು ಕಚೇರಿಯಲ್ಲಿ ಯಾವಾಗಲೂ ಕಡಿಮೆ. ಇಂಜಿನಿಯರುಗಳು ಮರ್ಯಾದಸ್ಥರು, ಒಪ್ಪುತ್ತೇನೆ. ಆದರೆ ಪಕ್ಕದವರ ಮೇಜಿನ ಮೇಲೆ ಒಳ್ಳೆಯ ಬೋರ್ಡು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಅದಕ್ಕೆ ಮುಕ್ತಾರ್ ಒಂದು ಉಪಾಯ ಮಾಡಿದ್ದ. ಚೆನ್ನಾಗಿರುವ ಬೋರ್ಡಿನ ಚೀಲದ ಮೇಲೆಲ್ಲ ಕೆಂಪು ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ‘ಟ್ರಾಸಿಗ್’ ಎಂದು ಬರೆದಿಡುತ್ತಿದ್ದ. ಕೆಟ್ಟಿದೆ ಎಂದರ್ಥ. ಮೊದಲ ವರ್ಷವೇ ನಾನು ಅದರಲ್ಲಿ ಬಿದ್ದೆ. ಇಡೀ ದಿನ ಬೋರ್ಡಿಗಾಗಿ ಅಲೆದು ಬಯ್ದುಕೊಳ್ಳುತ್ತಿದ್ದಾಗ ಅವನು ಟ್ರಾಸಿಗ್ ಚೀಲವೊಂದನ್ನು ಬಿಚ್ಚಿ ಕೈಗಿಟ್ಟ.

"ಇದು ಕೆಟ್ಟಿದ್ದಲ್ವೇನೋ?"

"ಚಲೋ ಐತಿ ಅಂತ ಬರದ್ರ ಮುಂಜಾನಿಗೆ ಇರಂಗಿಲ್ಲ ಅಕ್ಕಾರ. ಕೆಟ್ಟದ್ದನ್ನ ಯಾರೂ ಕದಿಯಂಗಿಲ್ಲ ನೋಡ್ರಿ."

ನಾನು ನಕ್ಕಿದ್ದೆ. 

ಎರಡು ಸಾವಿರದ ಹದಿನಾಲ್ಕರಲ್ಲಿ ಆ ಚಿಪ್ಪು ತಯಾರಿಸುತ್ತಿದ್ದವರು ಇನ್ನು ನಾಲ್ಕು ವರ್ಷದಲ್ಲಿ ನಿಲ್ಲಿಸುತ್ತೇವೆ ಎಂದು ಕಾಗದ ಕಳಿಸಿದರು. ಆ ವಾರದ ಫೀಕಾದಲ್ಲಿ, ಅಂದರೆ ಎಲ್ಲರೂ ಕಾಫಿ ಕಪ್ಪು ಹಿಡಿದು ಕೂರುವ ಹೊತ್ತಿನಲ್ಲಿ, ಚರ್ಚೆ ಎದ್ದಿತು. ನಮ್ಮಲ್ಲಿ ಅಭಿಜಿತ್ ಎಂಬ ಹುಡುಗನಿದ್ದ. ಸೇರಿ ಎರಡು ವರ್ಷವಾಗಿತ್ತು, ಬೆಂಗಳೂರಿನ ಬಸವೇಶ್ವರನಗರದವನು, ಮಾತು ಚುರುಕು. ಫೋನುಗಳಲ್ಲಿ ಇರುವಂಥ ಅಗ್ಗದ ಚಿಪ್ಪಿಗೆ ಗ್ರಾನನ್ನು ಈಗಲೇ ಸಾಗಿಸೋಣ ಎಂದು ಹಟ ಹಿಡಿದ.

"ಸರ್, ಒಂದೇ ಪ್ಲಾಟ್‌ಫಾರ್ಮ್ ನಂಬ್ಕೊಂಡು ಕೂತ್ರೆ ನಾಲ್ಕ್ ವರ್ಷ ಆದ್ಮೇಲೆ ಗ್ರಾನ್ ಡೆಡ್. ಈಗ್ಲೇ ಪೋರ್ಟ್ ಮಾಡೋಣ. ನಾನೇ ಮಾಡ್ತೀನಿ, ಆರ್ ತಿಂಗ್ಳು ಕೊಡಿ."

ಮುಕ್ತಾರ್ ತಲೆ ಅಲ್ಲಾಡಿಸಿದ. ಆ ಹೊಸ ಚಿಪ್ಪುಗಳ ಒಳಗೆ ಬೀಗ ಹಾಕಿದ ಕೋಣೆಯಂಥ ಭಾಗಗಳಿವೆ, ಅವು ಏನು ಮಾಡುತ್ತವೆಂದು ತಯಾರಿಸಿದವರು ಹೇಳುವುದಿಲ್ಲ, ಒಂದು ಬೋರ್ಡಿನಂತೆ ಇನ್ನೊಂದು ಇರುವುದಿಲ್ಲ, ಪ್ರತಿಯೊಂದಕ್ಕೂ ಹೊಸದಾಗಿ ಡ್ರೈವರ್ ಎಂಬ ಜೋಡಣೆಯ ತಂತ್ರಾಂಶ ಬರೆಯುತ್ತ ಕೂರಲು ನಾವು ಐದೇ ಜನ ಎಂದ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಸಣ್ಣ ಸಿಸ್ಟಮ್ ಬದುಕಬೇಕಾದರೆ ಒಂದು ಯಂತ್ರವನ್ನು ಪೂರ್ತಿ ಬಲ್ಲದ್ದಾಗಿರಬೇಕು ಎಂಬುದು ಅವನ ನಂಬಿಕೆ. ಆ ಒಂದು ಯಂತ್ರ ಇಲ್ಲವಾದ ದಿನ ಏನು ಎಂದು ಹುಡುಗ ಕೇಳಿದ್ದಕ್ಕೆ, ಮತ ಹಾಕೋಣ ಎಂದ. ಕೈ ಎತ್ತಿಸಿದೆವು. ಮೂರಕ್ಕೆ ಎರಡು. ಮುಕ್ತಾರ್ ಕಡೆ ಎದ್ದ ಮೂರನೆಯ ಕೈ ನನ್ನದು. ಯಾಕೆ ಎತ್ತಿದೆ ಎಂದರೆ ನಿಜ ಹೇಳುತ್ತೇನೆ: ಆ ಹುಡುಗ ಹಿರಿಯರ ಮುಂದೆ ಮಾತಾಡಿದ ಧಾಟಿ ನನಗೆ ಸೇರಲಿಲ್ಲ. ಅಭಿಜಿತ್ ಆ ವರ್ಷವೇ ಕೆಲಸ ಬಿಟ್ಟು ದಕ್ಷಿಣದ ಹೆಲ್ಸಿಂಗ್‌ಬೋರ್ಯ್‌ಗೆ ಹೋದ. ಮುಕ್ತಾರನಿಗೂ ಅವನಿಗೂ ಮಾತು ನಿಂತಿತು.

ಹುಡುಗ ಹೇಳಿದ ಹಾಗೇ ಆಯಿತು. ಹದಿನೆಂಟರಲ್ಲಿ ಕಂಪನಿ ಗ್ರಾನನ್ನು ಕೈಬಿಟ್ಟು, ಎಲ್ಲರೂ ಬಳಸುವುದನ್ನೇ ತಂದು ಹಾಕಿತು. ನನಗೆ ನಿವೃತ್ತಿ. ಮುಕ್ತಾರನಿಗೆ ಬೇರೆ ವಿಭಾಗದ ಮೂಲೆಯ ಕುರ್ಚಿ. ಕೋಡನ್ನು ಬೇಕಾದವರು ತೆಗೆದುಕೊಳ್ಳಿ ಎಂದು ಬಿಡುಗಡೆ ಮಾಡಿದರು. ಗುಜರಿಗೆ ಹೋಗಬೇಕಿದ್ದ ಆರು ಬೋರ್ಡುಗಳನ್ನು ಮುಕ್ತಾರ್ ಕೇಳಿ ಮನೆಗೆ ತಂದ. ಹಳೆಯ ಯಂತ್ರಗಳ ಹುಚ್ಚು ಹಿಡಿದ ಒಂದಷ್ಟು ಜನ ಅಲ್ಲಿ ಇಲ್ಲಿ ಗ್ರಾನ್ ಬಳಸುತ್ತಿದ್ದರು. ಮೊದಲ ವರ್ಷ ನಲವತ್ತು ಮಂದಿ, ಆಮೇಲೆ ಹನ್ನೊಂದು, ಆಮೇಲೆ ಮೂರು. ಯಾರದೋ ಬೋರ್ಡು ಸುಡುತ್ತಿತ್ತು, ಬೇರೆ ಸಿಗುತ್ತಿರಲಿಲ್ಲ, ಅವರ ಪತ್ರ ನಿಲ್ಲುತ್ತಿತ್ತು. ಗ್ರಾನ್‌ನ ಕೋಡಿನಲ್ಲಿ ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಕಾಲ ಕೆಳಗಿನ ನೆಲ ಇಲ್ಲವಾಗಿತ್ತು, ಅಷ್ಟೇ.

ಹತ್ತೊಂಬತ್ತರಲ್ಲಿ ಶಾಕಿರಾ ಡಾಗಿಸ್‌ನಲ್ಲಿ ಮಕ್ಕಳಿಗೆ ಹಾಲು ಬಗ್ಗಿಸುವಾಗ ಜಗ್ಗು ಕೈಜಾರಿತು. ಮರುವಾರ ಮತ್ತೆ. ಆರು ತಿಂಗಳ ಪರೀಕ್ಷೆಗಳ ಮೇಲೆ ಎ.ಎಲ್.ಎಸ್. ಎಂದರು. ನರಗಳ ರೋಗ, ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು, ಒಂದೊಂದಾಗಿ ಸೋಲುತ್ತವೆ. ತಲೆ ಮಾತ್ರ ಕೊನೆಯವರೆಗೂ ನೆಟ್ಟಗಿರುತ್ತದೆ. ಮಾತು ಹೋಗಲು ಒಂದೂವರೆ ವರ್ಷ ಇದೆ ಎಂದು ಡಾಕ್ಟರು ಅಂದಾಜು ಹೇಳಿದರು. ಸರಕಾರದಿಂದ ಒಳ್ಳೆಯ ಯಂತ್ರವೇ ಬಂತು. ಕಣ್ಣು ಹೊರಳಿಸಿ ಅಕ್ಷರ ಆರಿಸಿದರೆ ಅದು ಓದಿ ಹೇಳುತ್ತದೆ. ಆದರೆ ಹೇಳುವ ದನಿ ಸ್ಟಾಕ್‌ಹೋಮಿನ ಯಾವುದೋ ಹೆಂಗಸಿನದು, ಬರುವ ಭಾಷೆ ಸ್ವೀಡಿಷ್. ಶಾಕಿರಾ ಅದರಲ್ಲಿ ಕನ್ನಡ ಬರೆದರೆ ಆ ಹೆಂಗಸು ಕಲ್ಲು ಅಗಿದಂತೆ ಓದುತ್ತಿದ್ದಳು. ಮುಕ್ತಾರನಿಗೆ ಅದನ್ನು ಕೇಳಲು ಆಗುತ್ತಿರಲಿಲ್ಲ. ಅದರ ದನಿಯನ್ನು ಸೊನ್ನೆಗೆ ಇಳಿಸಿಟ್ಟ. ಸ್ವೀಡಿಷ್ ನರ್ಸುಗಳು ಬಂದಾಗ ಏರಿಸುತ್ತಿದ್ದ, ಅವರು ಹೋದ ಕೂಡಲೇ ಇಳಿಸುತ್ತಿದ್ದ.

ಅವನು ತನ್ನದೇ ಪೆಟ್ಟಿಗೆ ಕಟ್ಟಿದ. ಒಳಗೆ ಹಸಿರು ಬೋರ್ಡು, ಅದರಲ್ಲಿ ಗ್ರಾನ್, ಗ್ರಾನ್‌ನಲ್ಲಿ ಶಾಕಿರಾಳ ಸ್ವಂತ ದನಿ. ಕೆನ್ನೆಗೆ ತಾಗುವಂತೆ ಒಂದು ಗುಂಡಿ. ಸ್ಕ್ರೀನಿನ ಮೇಲೆ ಸಾಲುಗಳು ಸರಿಯುತ್ತಿರುತ್ತವೆ. ಬೇಕಾದದ್ದು ಬಂದಾಗ ಕೆನ್ನೆ ಒತ್ತಿದರೆ ಅವಳದೇ ದನಿ, ಅವಳದೇ ರಾಣೇಬೆನ್ನೂರು ಕನ್ನಡ. ಮಾತು ಇರುವಾಗಲೇ ಮಾತುಗಳನ್ನೆಲ್ಲ ತುಂಬಿಡಬೇಕಿತ್ತು. ಎರಡು ಸಾವಿರದ ಇಪ್ಪತ್ತೊಂದರ ಚಳಿಗಾಲದ ಮಧ್ಯಾಹ್ನಗಳನ್ನು ನಾವು ಮೂವರೂ ಮೈಕಿನ ಮುಂದೆ ಕಳೆದೆವು. ಯಾವುದು ಮೊದಲು ಎಂದು ಪಟ್ಟಿ ಮಾಡಿದವನು ಮುಕ್ತಾರ್. ಇಂಜಿನಿಯರನ ಪಟ್ಟಿ: ಮೊದಲು ತೀರಾ ಅಗತ್ಯದ್ದು. ಹೌದು. ಇಲ್ಲ. ನೀರು ಬೇಕು. ನೋವಾಗಾಕ್ಹತ್ತೇತಿ. ಆ ಕಡಿ ಹೊಳ್ಳಸ್ರಿ. ಡಾಕ್ಟರಿಗೆ ಫೋನ್ ಮಾಡ್ರಿ.

"ಅಕ್ಕಾರ, ಇವ್ರು ನನ್ನ ಪೇಶಂಟ್ ಮಾಡೇ ಬಿಟ್ರ ನೋಡ್ರಿ, ಇನ್ನಾ ನಡದಾಡಾಕ್ಹತ್ತೀನಿ" ಎಂದು ಶಾಕಿರಾ ನನ್ನ ಹತ್ತಿರ ದೂರಿದಳು.

ಮೂವತ್ತೊಂದನೆಯ ವಾಕ್ಯ ‘ನಂಗ ಸುಸ್ತಾಗೇತಿ, ಆಮ್ಯಾಲೆ ಮಾತಾಡೋಣ್ರಿ’. ಮೂರು ಸಲ ಹೇಳಿಸಿ ತೃಪ್ತಿಯಾಗದೆ ಮುಕ್ತಾರ್ ಬಹಳ ಗಂಭೀರವಾಗಿ, "ಇನ್ನೊಂಚೂರು ಸುಸ್ತಾದಂಗ ಹೇಳು" ಎಂದ. ನಾಲ್ಕನೆಯ ಸಲ ವಾಕ್ಯ ಮುಗಿಯುತ್ತಿದ್ದಂತೆ ಶಾಕಿರಾಳಿಗೆ ನಗು ತಡೆಯಲಾಗಲಿಲ್ಲ. ಅದೇ ಉಳಿಯಿತು. ಹಳೆಯ ಚಾಳಿ ಬಿಡದೆ ನಾನು ನನ್ನ ನೋಟ್‌ಬುಕ್ಕಿನಲ್ಲಿ ‘ದೋಷ: ವಾಕ್ಯ ಮೂವತ್ತೊಂದರ ಕೊನೆಯಲ್ಲಿ ನಗು’ ಎಂದು ಬರೆದೆ. ಅದರ ಕೆಳಗೆ ಮುಕ್ತಾರ್ ‘ಸರಿಪಡಿಸುವುದಿಲ್ಲ’ ಎಂದು ಬರೆದು ಸಹಿ ಹಾಕಿದ.

ಒಟ್ಟು ಸಾವಿರದ ನೂರ ನಾಲ್ಕು ಆದವು. ಕೊನೆಯ ತೊಂಬತ್ತನ್ನು ಶಾಕಿರಾ ಒಬ್ಬಳೇ ಮುಗಿಸಿದಳು. ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಹೊತ್ತಿಗೆ ಹತ್ತು ಮಾತಿನ ಹಾಗೆ ಒಂಬತ್ತು ಮಧ್ಯಾಹ್ನ. ನಾಲಿಗೆ ಅಷ್ಟರಲ್ಲಿ ತೊಡರಲು ಶುರುವಾಗಿತ್ತು.

"ನಿಮ್ಮ ಪಟ್ಟಿ ಮುಗೀತು. ಇವು ನನ್ನವು" ಎಂದಳು. "ನಾ ಒತ್ತಿದಾಗ ಕೇಳೀರಂತ."

ಅದರಲ್ಲಿ ಒಂದೇ ಒಂದನ್ನು ನಾನು ಕೇಳಿದ್ದೇನೆ. ಅರ್ಷಿಯಾ ದೂರದ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹೊರಟ ದಿನ ಶಾಕಿರಾ ಕೆನ್ನೆ ಒತ್ತಿದಳು. ಆಗಲೇ ಅವಳ ಮಾತು ನಿಂತು ಒಂದು ವರ್ಷವಾಗಿತ್ತು. ‘ಅರ್ಶೂ, ತಲಿ ಮ್ಯಾಲೆ ಟೊಪಗಿ ಹಾಕ್ಕೋ’ ಎಂದಿತು ಪೆಟ್ಟಿಗೆ. ಆ ಹುಡುಗಿ ಬಾಗಿಲಲ್ಲೇ ಕೂತು ಅತ್ತಳು. ಉಳಿದ ಎಂಬತ್ತೊಂಬತ್ತಕ್ಕೂ ಶಾಕಿರಾ ಮನಸ್ಸಿನಲ್ಲೇ ಒಂದೊಂದು ದಿನ ಗೊತ್ತು ಮಾಡಿಟ್ಟಿದ್ದಳೆಂದು ಕಾಣುತ್ತದೆ.

ಇವನ್ನು ಬೇರೆ ಕಡೆ ಇಡಲಿಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ, ಬಾಯಿ ನೋಯುವಷ್ಟು ಸಲ. ಕಾರ್ಖಾನೆಯ ಗುಟ್ಟು ಹೊರಗೆ ಹೋಗಬಾರದೆಂದು ಮಾಡಿದ ಬೋರ್ಡುಗಳು ಅವು. ಒಳಗೆ ತುಂಬಿದ್ದಕ್ಕೆ ಆ ಬೋರ್ಡಿನ ಚಿಪ್ಪೇ ಬೀಗದ ಕೈ; ಚಿಪ್ಪು ಸತ್ತರೆ ಒಳಗಿದ್ದುದು ಬರಿ ಗೊಜಲು. ಒಂದು ಸಾಧಾರಣ ಡಿಸ್ಕಿಗೆ ಇಳಿಸಿಡು ಮಾರಾಯ ಎಂದರೆ, ಆರೂ ಬೋರ್ಡುಗಳಲ್ಲಿ ಆರು ಪ್ರತಿ ಇವೆ, ಅದಕ್ಕಿಂತ ಹೆಚ್ಚೇನು ಬೇಕು ಎನ್ನುತ್ತಿದ್ದ. ಅವಳ ದನಿ ಯಾವುದೋ ಕಂಪನಿಯ ಕಂಪ್ಯೂಟರಿಗೆ ಹೋಗುವುದು ಅವನಿಗೆ ಬೇಡವಾಗಿತ್ತು. ಒಂದು ಬೋರ್ಡು ಪೆಟ್ಟಿಗೆಯಲ್ಲಿ. ಐದನ್ನು ಚೀಲಕ್ಕೆ ಹಾಕಿ, ರಟ್ಟಿನ ಡಬ್ಬಿಯಲ್ಲಿಟ್ಟು, ಕಟ್ಟಡದ ನೆಲಮಾಳಿಗೆಯ ತನ್ನ ಸ್ಟೋರ್ ರೂಮಿನಲ್ಲಿ ಇಟ್ಟಿದ್ದ. ಅಲ್ಲಿನ ಬಾಗಿಲುಗಳೆಲ್ಲ ಬರಿ ಜಾಲರಿ, ಎರಡು ಸಲ ಕಳ್ಳತನ ಬೇರೆ ಆಗಿತ್ತು. ಚೀಲಗಳ ಮೇಲೆ ಏನು ಬರೆದಿದ್ದ ಎಂದು ನೀವೇ ಊಹಿಸಬಹುದು.

ಪ್ರತಿ ಮೇ ತಿಂಗಳಲ್ಲಿ ನಮ್ಮ ಕಟ್ಟಡದಲ್ಲಿ ಸ್ಟೇಡ್‌ಡಾಗ್, ಎಲ್ಲರೂ ಸೇರಿ ಸ್ವಚ್ಛ ಮಾಡುವ ದಿನ. ಅಂಗಳಕ್ಕೆ ದೊಡ್ಡ ಕಂಟೇನರ್ ತರಿಸುತ್ತಾರೆ, ಎಲೆಕ್ಟ್ರಾನಿಕ್ ಕಸಕ್ಕೆ ಬೇರೆ ಪಂಜರ. ಕಳೆದ ವರ್ಷ ಆ ದಿನ ಅರ್ಷಿಯಾ ರಜೆಗೆ ಬಂದಿದ್ದಳು. ಮುಕ್ತಾರ್ ಶಾಕಿರಾಳನ್ನು ಕರೆದುಕೊಂಡು ಉಸಿರಾಟದ ಪರೀಕ್ಷೆಗೆ ಆಸ್ಪತ್ರೆಗೆ ಹೋಗಿದ್ದ. ಅಪ್ಪನ ಸ್ಟೋರ್ ರೂಮನ್ನು ತಾನೇ ಖಾಲಿ ಮಾಡಿ ಅವನಿಗೆ ಖುಷಿ ಕೊಡುತ್ತೇನೆ ಎಂದು ಹುಡುಗಿ ಹೊರಟಳು. ನಾನು ಕೈಜೋಡಿಸಲು ಹೋದೆ. ಹದಿನೈದು ವರ್ಷದ ಸ್ಕೀ, ಮುರಿದ ತೊಟ್ಟಿಲು, ತಂತಿಗಳ ಗಂಟು. ನನಗೆ ಸೊಂಟ ನೋವು, ಸಿಡುಕು ನೆತ್ತಿಗೇರಿತ್ತು. ನಾನು ಗಾದಿಯ ಒಂದು ತುದಿ ಹಿಡಿದು ಬಾಗಿಲಿಂದ ಹೊರಗೆ ಎಳೆಯುತ್ತಿದ್ದಾಗ ಹಿಂದಿನಿಂದ ಅವಳು ಕೂಗಿದಳು.

"ಸುಲು ಆಂಟಿ, ದೀಸ್ ಆರ್ ಆಲ್ ಟ್ರಾಸಿಗ್, ರೈಟ್?"

ನಾನು ತಿರುಗಿ ನೋಡಲಿಲ್ಲ. "ನಿಮ್ಮಪ್ಪನ ರೂಮ್ ಪೂರ್ತಿ ಟ್ರಾಸಿಗ್ಗೇ ಕಣೇ. ನಿಮ್ಮಪ್ಪನೂ ಸೇರಿ. ಎಸಿ ಎಲ್ಲಾನೂ."

ಅವಳು ನಕ್ಕಳು. ಡಬ್ಬಿ ಎತ್ತಿಕೊಂಡು ಅಂಗಳಕ್ಕೆ ಹೋದಳು. ಆ ಉಪಾಯ ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಆಸ್ಪತ್ರೆಯಲ್ಲಿದ್ದ, ಇನ್ನೊಬ್ಬಳು ನಾನು. ನಾಲಿಗೆ ಸ್ವಲ್ಪ ನಿಧಾನವಾಗಿದ್ದಿದ್ದರೆ, ಕುತ್ತಿಗೆ ಸ್ವಲ್ಪ ತಿರುಗಿದ್ದಿದ್ದರೆ.

ಎರಡು ವಾರದ ನಂತರ ಪೆಟ್ಟಿಗೆ ಮಧ್ಯೆ ಮಧ್ಯೆ ನಿಲ್ಲತೊಡಗಿತು. ಬೋರ್ಡು ಬಿಸಿಯಾಗುತ್ತಿತ್ತು. ಮುಕ್ತಾರ್ ಬೇರೆ ತರುತ್ತೇನೆಂದು ಕೆಳಗೆ ಹೋದ. ಅವನು ವಾಪಸ್ ಬಂದಾಗ ನಾನು ಶಾಕಿರಾಳ ಕೂದಲು ಬಾಚುತ್ತಿದ್ದೆ. ಬಾಗಿಲಲ್ಲಿ ನಿಂತವನ ಮುಖ ನೋಡಿಯೇ ನನಗೆ ಎಲ್ಲ ತಿಳಿಯಿತು. 

ಹೊರಗೆ ಕರೆದು ಒಂದೇ ಪ್ರಶ್ನೆ ಕೇಳಿದ. "ಅಕ್ಕಾರ, ಆವತ್ತು ನೀವೂ ಅಲ್ಲೇ ಇದ್ರೇನು?"

"ಇದ್ದೆ. ನಾನೇ ಎಸಿ ಅಂದೆ."

ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವನು ಗೋಡೆ ನೋಡುತ್ತ, "ಅರ್ಷಿಯಾಗ ಹೇಳಬ್ಯಾಡ್ರಿ. ಹಾಳಾದವೇ ಇದ್ವು ಅಂತ ಹೇಳ್ತೀನಿ" ಎಂದ. ಕಸದವರಿಗೆ ಫೋನು ಮಾಡಿದೆವು. ಪಂಜರದ್ದೆಲ್ಲ ದಕ್ಷಿಣಕ್ಕೆ ಹೋಗಿ ಪುಡಿಯಾಗಿ ಆಗಲೇ ಒಂದು ವಾರವಾಗಿತ್ತು. ಹಳೆಯ ಬಳಕೆದಾರರ ಪಟ್ಟಿಯಲ್ಲಿ ಉಳಿದ ಮೂವರಿಗೂ ಬರೆದೆವು. ಒಬ್ಬರ ಬೋರ್ಡು ಸತ್ತಿತ್ತು, ಒಬ್ಬರ ವಿಳಾಸವೇ ಸತ್ತಿತ್ತು. ಮೂರನೆಯವರ ಮಗ, ಅಪ್ಪ ತೀರಿಕೊಂಡರು ಎಂದು ಉತ್ತರ ಬರೆದ.

ಆಗ ನಾನು ಅಭಿಜಿತ್‌ಗೆ ಫೋನು ಮಾಡಿದೆ. ಮುಕ್ತಾರನನ್ನು ಕೇಳಲಿಲ್ಲ. ಅಭಿಜಿತ್ ಹೆಲ್ಸಿಂಗ್‌ಬೋರ್ಯ್‌ನ ದೊಡ್ಡ ಪೀಠೋಪಕರಣ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದ, ಎರಡು ಮಕ್ಕಳ ತಂದೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಶನಿವಾರ ಬೆಳಗ್ಗೆ ಬರುತ್ತೇನೆಂದ.

ಜೂನ್ ಮೊದಲ ಶನಿವಾರ ಅವನು ಬಂದ. ಜೇಬಿನಿಂದ ಬ್ಯಾಂಕ್ ಕಾರ್ಡಿನಷ್ಟು ಅಗಲದ ಒಂದು ಬೋರ್ಡು ತೆಗೆದು ಮೇಜಿನ ಮೇಲಿಟ್ಟು ವಿದ್ಯುತ್ ಕೊಟ್ಟ. ಮೂರು ಸೆಕೆಂಡು. ಸ್ಕ್ರೀನಿನ ಮೇಲೆ ಆ ಹಳೆಯ ಮರದ ಚಿತ್ರ ಮೂಡಿತು. ಗ್ರಾನ್. ಹೊಸ ಚಿಪ್ಪಿನ ಮೇಲೆ.

"ಯಾವಾಗ ಮಾಡಿದ್ದೋ ಇದನ್ನ?" ಎಂದೆ.

"ಮೂರ್ ವರ್ಷ ಆಯ್ತು ಮೇಡಂ. ಸುಮ್ನೆ, ವೀಕೆಂಡ್‌ನಲ್ಲಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಮುಕ್ತಾರ್ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಆ ಹುಡುಗನ ತಲೆಯ ಮೇಲೆ ಕೈಯಿಟ್ಟ. ಹತ್ತು ವರ್ಷದ ಜಗಳ ಅಲ್ಲಿಗೆ ಮುಗಿಯಿತು.  ಎಲ್ಲ ಸರಿಹೋಗುತ್ತದೆ ಎಂದು ಆ ಗಳಿಗೆಯಲ್ಲಿ ನಿಜಕ್ಕೂ ನಂಬಿದ್ದೆ.

ಉಳಿದದ್ದು ಹಳೆಯ ಬೋರ್ಡಿನಿಂದ ಹೊಸದಕ್ಕೆ ದನಿ ಸಾಗಿಸುವುದು. ಹಳೆಯ ಚಿಪ್ಪು ತಾನೇ ಬೀಗ ತೆಗೆದು, ಒಂದೊಂದೇ ವಾಕ್ಯವನ್ನು ಸಣ್ಣ ಕೇಬಲ್ಲಿನಲ್ಲಿ ಕಳಿಸಬೇಕು. ವಾಕ್ಯಕ್ಕೆ ಐವತ್ತು ಸೆಕೆಂಡು. ಪೂರ್ತಿಗೆ ಹದಿನೈದು ಗಂಟೆ. ಶಾಕಿರಾಳ ಪೆಟ್ಟಿಗೆಯನ್ನು ಅವಳ ಮಂಚದ ಪಕ್ಕದಿಂದ ಬಿಚ್ಚಿ ಅದೇ ಕೋಣೆಯ ಕಿಟಕಿಯ ಬಳಿಯ ಮೇಜಿಗೆ ತಂದೆವು. ಬೋರ್ಡಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿದೆವು.

"ಸರ್, ಯಾವ ಆರ್ಡರ್‌ನಲ್ಲಿ ತಗೊಳ್ಳೋಣ?" ಎಂದು ಅಭಿಜಿತ್ ಕೇಳಿದ.

"ಒಂದರಿಂದ" ಎಂದ ಮುಕ್ತಾರ್. "ಅಗತ್ಯದ್ದು ಮೊದಲು ಬರಲಿ."

ನನಗೂ ಅದೇ ಸರಿ ಅನಿಸಿತು. ಒಂಬತ್ತು ಗಂಟೆಗೆ ಶುರುವಾಯಿತು. ಮೂವರೂ ಮಂಚಕ್ಕೆ ಬೆನ್ನು ಹಾಕಿ ಆ ಕೇಬಲ್ಲನ್ನು ಕಾಯುತ್ತ ಕೂತೆವು. ನಡುವೆ ನಾನು ಎರಡು ಸಲ ಎದ್ದು ಹೋಗಿ ಶಾಕಿರಾಳ ಹೊದಿಕೆ ಸರಿ ಮಾಡಿದೆ. ಅವಳು ನನ್ನ ಮುಖ ನೋಡುವಳು, ತನ್ನ ಕಣ್ಣಿನ ಯಂತ್ರದ ಸ್ಕ್ರೀನು ನೋಡುವಳು, ಮತ್ತೆ ನನ್ನ ಮುಖ. ಗಾಬರಿಯಾಗಿದ್ದಾಳೆ ಅಂದುಕೊಂಡೆ. ಕೈ ಸವರಿ, "ಎಲ್ಲಾ ಬರ್ತಿದೆ ಕಣೇ, ಯೋಚ್ನೆ ಮಾಡ್ಬೇಡ" ಎಂದು ಬಂದು ಕೂತೆ.

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಇನ್ನೂರ ಹನ್ನೆರಡರಲ್ಲಿ ನಿಂತಿತು. ಸಣ್ಣಗೆ ಸುಟ್ಟ ವಾಸನೆ ಬಂತು. ಅಭಿಜಿತ್ ಮೂರು ಗಂಟೆ ಹೆಣಗಿದ. ತಣ್ಣಗೆ ಮಾಡಿದ, ಬೆಸುಗೆ ಹಾಕಿದ, ಬೇರೆ ವಿದ್ಯುತ್ ಕೊಟ್ಟ. ಮುಕ್ತಾರ್ ಮಾತ್ರ ಮೊದಲ ಹತ್ತು ನಿಮಿಷದಲ್ಲೇ ಕುರ್ಚಿಗೆ ಒರಗಿ ಕೈಚೆಲ್ಲಿದ್ದ. ಆ ಚಿಪ್ಪನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ.

ಶಾಕಿರಾಳಿಗೆ ಹೇಳಬೇಕಲ್ಲ. ನಾನೇ ಹೋದೆ. ಮಂಚ ಸುತ್ತಿಕೊಂಡು ಅವಳ ತಲೆಯ ಕಡೆ ನಿಂತಾಗ ಮೊದಲ ಸಲ ಅವಳಿಗೆ ಕಾಣುವ ಹಾಗೆಯೇ ನನಗೂ ಆ ಸರಕಾರಿ ಯಂತ್ರದ ಸ್ಕ್ರೀನು ಕಂಡಿತು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಸಾಲು: ‘ಕೊನಿಯಿಂದ ಶುರು ಮಾಡ್ರಿ.’ ಪಕ್ಕದಲ್ಲಿ ಸಮಯ: ಒಂಬತ್ತು ಗಂಟೆ ಹದಿನೇಳು ನಿಮಿಷ. ‘ಹೇಳು’ ಎಂಬ ಗುಂಡಿಯನ್ನು ಅವಳು ಕಣ್ಣಿನಿಂದ ನಲವತ್ತಾರು ಸಲ ಒತ್ತಿದ್ದಳೆಂದು ಯಂತ್ರ ಲೆಕ್ಕ ತೋರಿಸುತ್ತಿತ್ತು. ದನಿ ಸೊನ್ನೆಯಲ್ಲಿತ್ತು.

ಅವಳ ತೊಂಬತ್ತು ವಾಕ್ಯಕ್ಕೆ ಒಂದೂಕಾಲು ಗಂಟೆ ಸಾಕಿತ್ತು. ಒಂಬತ್ತೂವರೆಗೆ ತಿರುಗಿ ನೋಡಿದ್ದರೂ ಎಲ್ಲ ಬಂದು ಇನ್ನೂ ಒಂದು ಗಂಟೆಗಿಂತ ಹೆಚ್ಚು ಉಳಿಯುತ್ತಿತ್ತು. ಒಂದು ಬಾಯಿಲ್ಲದ ಹೆಂಗಸಿನ ಮಾತನ್ನು ಉಳಿಸಲು ಹೊರಟ ಮೂವರು ಬುದ್ಧಿವಂತರಲ್ಲಿ ಒಬ್ಬರಿಗೂ ಆ ಹೆಂಗಸನ್ನೇ ಒಂದು ಮಾತು ಕೇಳಬೇಕು ಅನಿಸಲಿಲ್ಲ. ಪೆಟ್ಟಿಗೆ ಬಿಚ್ಚಿದ ಕೂಡಲೇ ಅವಳಿಗೆ ದನಿಯಿಲ್ಲ ಎಂಬುದು ಕೂಡ ಹೊಳೆಯಲಿಲ್ಲ. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಈ ಅರವತ್ತಾರು ವರ್ಷದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಮುಕ್ತಾರ್ ಬಂದು ಆ ಸಾಲು ಓದಿದ. ಆ ಸ್ಟಾಕ್‌ಹೋಮಿನ ಹೆಂಗಸಿನ ದನಿಯನ್ನು ಪೂರ್ತಿ ಏರಿಸಿದ. ಅಂದಿನಿಂದ ಅದನ್ನು ಇಳಿಸಿಲ್ಲ.

ಈಗ ಗ್ರಾನ್‌ಗೆ ಇಡೀ ಲೋಕದಲ್ಲಿ ಒಬ್ಬಳೇ ಬಳಕೆದಾರಳು. ಈ ಹೊಸ ಚಿಪ್ಪು ಎಷ್ಟು ವರ್ಷ ಬರುತ್ತದೆ ಎಂದು ನಾನು ಕೇಳಿದ್ದಕ್ಕೆ ಅಭಿಜಿತ್, ಐದಾರು ವರ್ಷ, ಆಮೇಲೆ ಮತ್ತೆ ಬೇರೆಯದಕ್ಕೆ ಸಾಗಿಸಬೇಕು ಎಂದ. ಅಷ್ಟು ವರ್ಷ ಬೇಕಾಗುವುದಿಲ್ಲ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಶಾಕಿರಾಳ ಕಣ್ಣೂ ಸೋಲುತ್ತಿದೆ. ಯಂತ್ರದಲ್ಲಿ ಒಂದು ಸಾಲು ಬರೆಯಲು ಈಗ ಅರ್ಧ ಗಂಟೆ ಬೇಕು, ಹೆಚ್ಚಾಗಿ ಬರೆಯುವುದೇ ಇಲ್ಲ. ಅರ್ಷಿಯಾ ವೀಡಿಯೋ ಕಾಲ್ ಮಾಡಿದರೆ ಶಾಕಿರಾ ‘ಹೌದು’ ಎನ್ನುತ್ತಾಳೆ, ‘ಇಲ್ಲ’ ಎನ್ನುತ್ತಾಳೆ, ‘ನೀರು ಬೇಕು’ ಎನ್ನುತ್ತಾಳೆ. ಅಮ್ಮಿ ಯಾಕೆ ನನ್ನ ಹೆಸರು ಹಿಡಿದು ಕರೆಯುತ್ತಿಲ್ಲ ಎಂದು ಹುಡುಗಿ ಕೇಳಿದ್ದಾಳೆ. ಬಂದಿರುವ ಇನ್ನೂರ ಹನ್ನೆರಡರಲ್ಲಿ ಅವಳ ಹೆಸರಿಲ್ಲ.

ಮುಕ್ತಾರ್ ದಿನಾ ಮಧ್ಯಾಹ್ನ ಮಂಚದ ಪಕ್ಕ ಕೂತು ಕೇಳುತ್ತಾನೆ. "ಆ ತೊಂಬತ್ತರಾಗ ಏನಿತ್ತು, ಶಾಕಿ? ದಿನಕ್ಕೊಂದ ಸಾಕು, ಕಣ್ಣಾಗ ಬರಿ. ನಾ ಬರಕೊಂತೀನಿ."

ಅವಳು ಅವನನ್ನು ನೋಡುತ್ತಾಳೆ. ಸಾಲುಗಳು ಸರಿಯುತ್ತವೆ. ಕೆನ್ನೆ ಒತ್ತುತ್ತಾಳೆ. ದಿನಾ ಅದೇ, ಮೂವತ್ತೊಂದು. ‘ನಂಗ ಸುಸ್ತಾಗೇತಿ, ಆಮ್ಯಾಲೆ ಮಾತಾಡೋಣ್ರಿ’ ಎನ್ನುತ್ತದೆ ಗ್ರಾನ್, ಅವಳ ದನಿಯಲ್ಲಿ. ಕೊನೆಯಲ್ಲಿ, ನಾನು ದೋಷ ಎಂದು ಬರೆದಿಟ್ಟ ಆ ನಗು.